ಕುರ್ಚಿಯ ಮೇಲಿನ ಸಿಂಬಿ

ನನ್ನ ತಮ್ಮನಿಗೆ ಮನುಷ್ಯರ ಮುಖ ಬೇಕಾಗಿಯೇ ಇಲ್ಲ! ಒಡಹುಟ್ಟಿದವನ ಬಗ್ಗೆ ಹೀಗೆ ಹೇಳಬಹುದೇ ಎಂದು ಕೇಳಬೇಡಿ. ಬಾಗಲಕೋಟೆಯ ಪೇಟೆಯಲ್ಲಿ ಅವನ ಜೊತೆ ಒಂದೇ ಒಂದು ಸಂಜೆ ಅಡ್ಡಾಡಿದ್ದರೆ ನೀವೂ ಇದನ್ನೇ ಹೇಳುತ್ತಿದ್ದಿರಿ. ಒಮ್ಮೆ ನಾವಿಬ್ಬರೂ ಕಾಯಿಪಲ್ಯೆ ತರಲು ಹೊರಟಿದ್ದೆವು. ಎದುರಿಗೆ ಬಂದ ಹಿರಿಯರೊಬ್ಬರು ಎರಡೂ ಕೈ ಜೋಡಿಸಿ, "ಡಾಕ್ಟರ್ ಸಾಹೇಬ್ರ, ಆರಾಮ ಅದೀರಿ?" ಎಂದರು. ನನ್ನ ತಮ್ಮ ಪಿಳಿಪಿಳಿ ನೋಡಿದ. ಅವರು ಹೆಸರು ಹೇಳಿದರು, ಊರು ಹೇಳಿದರು, ಬೀಗರ ಹೆಸರನ್ನೂ ಹೇಳಿದರು. ಊಹೂಂ, ಗುರುತು ಹತ್ತಲಿಲ್ಲ. ಬೇಸತ್ತ ಆ ಮನುಷ್ಯ ಪಕ್ಕದ ಅಂಗಡಿಯ ಕಟ್ಟೆಯ ಮೇಲೆ ಕುಳಿತರು ನೋಡಿ, ಇವನ ಮುಖ ಅರಳಿಬಿಟ್ಟಿತು! "ಓಹೋ, ಅಮೀನಗಡದ ಮಾಸ್ತರು! ಎರಡೂ ಕಡೆ ಸಮಾ ಭಾರ ಹಾಕಿ ಕುಂದ್ರಾಕತ್ತೀರಲ್ರಿ, ಶಾಬಾಸ್!" ಎಂದು ಕೂಗಿದ. ಇಡೀ ಪೇಟೆ ತಿರುಗಿ ಮಾಸ್ತರರ ಕುಂಡಿಯನ್ನು ನೋಡಿತು.

ಅವನು ಸರ್ಜನ್. ಎಪ್ಪತ್ತರ ದಶಕದ ಮೊದಲಲ್ಲಿ ಮುಂಬಯಿಯಲ್ಲಿ ಓದು ಮುಗಿಸಿ ಬಂದು ಬಾಗಲಕೋಟೆಯ ಪೇಟೆಯಲ್ಲಿ ಎಂಟು ಮಂಚದ ದವಾಖಾನೆ ತೆರೆದ, ವಿದ್ಯಾಗಿರಿಯಲ್ಲಿ ಮನೆ ಮಾಡಿದ. ನಾನು ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು, ಹುನಗುಂದದ ಹೆಣ್ಣುಮಕ್ಕಳ ಸಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ನಮ್ಮವ್ವ ತೀರಿಕೊಂಡಾಗ ಅವನಿಗೆ ಮೂರು ವರ್ಷ. ಎತ್ತಿ ಆಡಿಸಿ, ಉಣ್ಣಿಸಿ, ಬೆನ್ನಿಗೆ ನಾಲ್ಕು ಬಾರಿಸಿ ಅವನನ್ನು ಡಾಕ್ಟರ್ ಮಾಡಿದವಳು ನಾನೇ ಎಂಬ ಜಂಬ ನನಗಿದೆ. ಯಾಕಿರಬಾರದು? ಆದರೆ ಆ ಜಂಬವನ್ನು ನಾಲ್ಕು ಜನರೆದುರು ಹೇಳಿಕೊಳ್ಳಲು ಅವನು ಬಿಡಬೇಕಲ್ಲ! ಎದೆಯ ಡಾಕ್ಟರಾಗಿದ್ದರೆ ಹೇಳಬಹುದಿತ್ತು. ಕಣ್ಣಿನ ಡಾಕ್ಟರಾಗಿದ್ದರೆ ಊರಿಗೆಲ್ಲ ಡಂಗುರ ಹೊಡೆಯುತ್ತಿದ್ದೆ. ಇವನು ಹಿಡಿದದ್ದು ಗುದನಾಳ. ಹೋಗಲಿ ಎಂದರೆ ಅದರ ಒಳಗೂ ಅಲ್ಲ, ಅದರ ಹಿಂದೆ!

ಸಾಲೆಯಲ್ಲಿ ನಮ್ಮ ಹೆಡ್ ಅಕ್ಕೋರು ಒಂದು ದಿನ ಚಹಾ ಕುಡಿಯುತ್ತ ಕೇಳಿದರು.

"ನಿಮ್ಮ ತಮ್ಮಾರು ಯಾತರ ಡಾಕ್ಟರ್ರೀ?"

"ಹೊಟ್ಟೀದರಿ."

"ಹೊಟ್ಟ್ಯಾಗ ಏನ್ರಿ?"

"ಹೊಟ್ಟಿ ಹಿಂದಿಂದರಿ."

"ಹಿಂದ ಅಂದ್ರ ಬೆನ್ನೇನ್ರಿ?"

"ಬೆನ್ನಿಗಿಂತ ಒಂದೀಟು ತಳಗರಿ..."

ಹೆಡ್ ಅಕ್ಕೋರು ಚಹಾದ ಕಪ್ಪನ್ನು ಕೆಳಗಿಟ್ಟು, ಆಗಲೇ ತಿದ್ದಿ ಮುಗಿಸಿದ್ದ ಪಟ್ಟಿಗಳನ್ನು ಮತ್ತೊಮ್ಮೆ ತಿದ್ದತೊಡಗಿದರು.

ಇದನ್ನು ಅವನಿಗೆ ಹೇಳಿದಾಗ ಅವನಿಗೆ ಸಿಟ್ಟು ಬಂತು. ನಾಚಿಕೆ ಪಡುವಂಥದ್ದು ಏನಿದೆ ಎಂದು ನನ್ನನ್ನೇ ಗದರಿಸಿದ. ಆಮೇಲೆ ಅಡುಗೆಮನೆಗೆ ಬಂದು, ನಾನು ರೊಟ್ಟಿ ಬಡಿಯುತ್ತಿದ್ದರೂ ಬಿಡದೆ, ಪಾಠ ಶುರು ಮಾಡಿದ. "ನೋಡಕ್ಕಾ, ನಿನ್ನ ಮನ್ಯಾಗ ಗ್ವಾಡಿಗೆ ಹಚ್ಚಿ ಕಪಾಟು ಇಟ್ಟೀಯಲ್ಲ, ಅದರ ಹಿಂದ ಬೆಕ್ಕು ಮರಿ ಹಾಕ್ತು ಅಂತ ತಿಳ್ಕೊ. ಕಪಾಟಿನ ಬಾಗಲಾ ತಗದು ನೋಡಿದ್ರ ಕಾಣ್ತದೇನು?"

"ಇಲ್ಲ."

"ಹಾಂ! ಮಂದಿ ಬರೇ ಬಾಗಲಾ ತಗದು ನೋಡ್ತಾರ. ಮೂಲವ್ಯಾಧಿ ಅಂತಾರ, ಕುರು ಅಂತಾರ, ಕೊಯ್ತಾರ, ಹೊಲೀತಾರ. ಹಿಂದಿನ ಗಡ್ಡಿ ಆರಾಮ ಕುಂತು ಬೆಳೀತೈತಿ. ಕರುಳು ಮುಂದ, ಬಾಲದ ಎಲುಬು ಹಿಂದ. ನಡುವಿನ ಸಂದ್ಯಾಗ ಏನೈತಿ ಅಂತ ನೋಡಾವ ಯಾರು?"

"ನೀನಪಾ, ಮತ್ತ್ಯಾರು! ಸರಿ ಅತ್ಲಾಗ, ರೊಟ್ಟಿ ಹೊತ್ತಾಕತ್ತೈತಿ" ಎಂದೆ. ಆದರೆ ಖರೆ ಹೇಳುತ್ತೇನೆ, ಅವನು ಹೋದ ಮೇಲೆ ನಾನು ಕಪಾಟನ್ನು ಸರಿಸಿ ಹಿಂದೆ ನೋಡಿದೆ. ಬೆಕ್ಕು ಇರಲಿಲ್ಲ, ಎರಡು ವರ್ಷದ ಹಿಂದೆ ಕಳೆದಿದ್ದ ಲಟ್ಟಣಿಗೆ ಸಿಕ್ಕಿತು.

ಇಂಥ ಗಡ್ಡೆ ಸಾವಿರಾರು ರೋಗಿಗಳಲ್ಲಿ ಒಬ್ಬರಿಗೋ ಇಬ್ಬರಿಗೋ ಇರುವಂಥದ್ದಂತೆ. ಆಗ ನಮ್ಮ ಕಡೆ ಒಳಗನ್ನು ತೋರಿಸುವ ದೊಡ್ಡ ಯಂತ್ರಗಳೇನೂ ಇರಲಿಲ್ಲ. ಇದ್ದದ್ದು ಒಂದು ಹಳೆಯ ಎಕ್ಸ್‌ರೇ ಮತ್ತು ನನ್ನ ತಮ್ಮನ ಬಲಗೈಯ ತೋರುಬೆರಳು. ಆ ಬೆರಳಿಗೆ ಬಾಗಲಕೋಟೆಯ ಜನ ಪೊಲೀಸರಿಗಿಂತ ಹೆಚ್ಚು ಹೆದರುತ್ತಿದ್ದರು! ಕೂತರೆ ನೋವು ಎಂದವರನ್ನು ಅವನು ಬಿಡುತ್ತಲೇ ಇರಲಿಲ್ಲ. ನೆಗಡಿಗೆ ಔಷಧ ಕೇಳಲು ಹೋದವನೊಬ್ಬ ಬೆಂಚಿನ ಮೇಲೆ ಸ್ವಲ್ಪ ವಾರೆಯಾಗಿ ಕೂತದ್ದೇ ತಪ್ಪಾಗಿ, ಒಳಗಿನಿಂದ ಧೋತರ ಹಿಡಿದುಕೊಂಡು ಓಡಿಬಂದನೆಂದು ಊರಲ್ಲಿ ಸುದ್ದಿ. ಅಂದಿನಿಂದ ಅವನ ದವಾಖಾನೆಯಲ್ಲಿ ರೋಗಿಗಳು ಫೋಟೋ ತೆಗೆಸಿಕೊಳ್ಳುವವರಂತೆ ಸೆಟೆದು ಕೂರುತ್ತಿದ್ದರು.

ಬೆರಳಿಗೆ ಅವನು ಮಾಡಿಸಿದ ಸಾಧನೆಯನ್ನು ಪೈಲವಾನರೂ ಮಾಡಿರಲಿಕ್ಕಿಲ್ಲ. ಪ್ರತಿ ಭಾನುವಾರ ಬಸ್ಸು ಹಿಡಿದು ಇಳಕಲ್ಲಿಗೆ ಹೋಗುತ್ತಿದ್ದ. ಅಲ್ಲಿ ಒಬ್ಬ ಮುದುಕ ನೇಕಾರ ಇದ್ದ. ಕುಣಿಯ ಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು, ಕಣ್ಣನ್ನು ಬೇರೆಲ್ಲೋ ಇಟ್ಟು, ಹಾಸಿನ ಉದ್ದ ಎಳೆಗಳ ಮೇಲೆ ಬೆರಳಾಡಿಸಿ ಎಲ್ಲಿ ಎಳೆ ಹರಿದಿದೆ ಎಂದು ಹೇಳುವವನು. ನನ್ನ ತಮ್ಮ ಅವನ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತು ತಾನೂ ಬೆರಳಾಡಿಸುತ್ತಿದ್ದ. ಮೊದಮೊದಲು ಮುದುಕ ನಕ್ಕನಂತೆ. "ಡಾಕ್ಟರ, ನೀವು ಬಾಳ ಒತ್ತತೀರಿ. ಒತ್ತಿದ್ರ ನಿಮ್ಮ ಬೆರಳಷ್ಟ ನಿಮಗ ತಿಳೀತೈತಿ, ಎಳಿ ತಿಳ್ಯಾಂಗಿಲ್ಲ" ಎಂದನಂತೆ. ಇಷ್ಟು ಕಲಿಯಲು ಇವನಿಗೆ ಎರಡು ವರ್ಷ ಹಿಡಿಯಿತು. ಬರಿಗೈಲಿ ಎದ್ದು ಬರುವುದು ಮರ್ಯಾದೆಯಲ್ಲ ಎಂದು ಹೋದಾಗಲೊಮ್ಮೆ ಒಂದು ಸೀರೆ ತರುತ್ತಿದ್ದ. ಅವನ ಹೆಂಡತಿಗೆ ಗಂಡನ ವಿದ್ಯಾಭ್ಯಾಸದ ಬಗ್ಗೆ ಯಾವ ತಕರಾರೂ ಇರಲಿಲ್ಲ.

ಆದರೆ ಮನೆಯಲ್ಲಿ ಪರೀಕ್ಷೆ ನಡೆಸುವ ಕೆಲಸ ಆಕೆಯ ಪಾಲಿಗೆ ಬಂದಿತ್ತು. ಸೀರೆಯ ನಾಲ್ಕು ಮಡಿಕೆಯ ಕೆಳಗೆ ಜೋಳದ ಕಾಳು ಬಚ್ಚಿಡಬೇಕು, ಇವನು ಮೇಲಿನಿಂದ ಮುಟ್ಟಿ ಲೆಕ್ಕ ಹೇಳಬೇಕು. ನಾನು ಹೋದಾಗ ಒಮ್ಮೆ ನನ್ನೆದುರೇ ನಡೆಯಿತು.

"ಮೂರು ಕಾಳು ಒಂದು ನುಚ್ಚು" ಎಂದ.

"ತಪ್ಪಾತು, ನಾಲ್ಕು ಇಟ್ಟೇನಿ" ಎಂದಳು ಹೆಂಡತಿ.

ಮಡಿಕೆ ತೆಗೆದು ನೋಡಿದೆವು. ನಾಲ್ಕನೆಯದು ನುಚ್ಚೇ! ಆಕೆ ಸೆರಗು ಕೊಡವಿಕೊಂಡು, "ಇಷ್ಟೆಲ್ಲಾ ತಿಳೀತೈತಿ, ಪಲ್ಯದಾಗ ಉಪ್ಪಿಲ್ಲದ್ದು ಮಾತ್ರ ಇವರಿಗೆ ತಿಳ್ಯಾಂಗಿಲ್ಲ" ಎಂದು ಒಳಗೆ ಹೋದಳು.

ಇನ್ನು ಬಾದಾಮಿಯ ಕಥೆ. ನಮ್ಮ ಚಿಕ್ಕಪ್ಪನ ಮಗನಿಗೆ ಹೆಣ್ಣು ನೋಡಲು ಹೋಗಿದ್ದೆವು. ಡಾಕ್ಟರ್ ಜೊತೆಗಿದ್ದರೆ ನಮ್ಮ ಕಡೆಯ ತೂಕ ಹೆಚ್ಚುತ್ತದೆ ಎಂದು ಇವನನ್ನೂ ಕರೆದುಕೊಂಡು ಹೋದದ್ದು ನಮ್ಮ ತಪ್ಪು. ಚೊಳಚಗುಡ್ಡದಲ್ಲಿ ಇಳಿದು ಬನಶಂಕರಿಗೆ ಕೈಮುಗಿಯುವಾಗಲೇ ನಾನು ತಾಕೀತು ಮಾಡಿದ್ದೆ. "ಬಾಯಿ ಮುಚ್ಚಿಕೊಂಡು ಕುಂದರಬೇಕು, ತಿಳೀತಿಲ್ಲೊ?" ಹೂಂ ಎಂದಿದ್ದ. ಹುಡುಗಿ ಬಂದಳು, ಚಹಾ ಕೊಟ್ಟಳು, ನಮಸ್ಕಾರ ಮಾಡಿ ಒಳಗೆ ಹೋದಳು. ನಾನು ಅವನ ಕಿವಿಯಲ್ಲಿ, "ಹುಡುಗಿ ಹೆಂಗದಾಳೋ?" ಎಂದೆ.

"ಯಾವ ಹುಡುಗಿ?" ಎಂದ.

ಅವನ ಕಣ್ಣು ಹುಡುಗಿಯ ಅಪ್ಪನ ಮೇಲಿತ್ತು. ಆ ಗೃಹಸ್ಥರು ಚಾಪೆಯ ಮೇಲೆ ಒಂದು ತೊಡೆಗೆ ಭಾರ ಹಾಕಿ, ಒಂದು ಮೊಣಕಾಲು ಎತ್ತಿಕೊಂಡು ಕುಳಿತಿದ್ದರು. ನಾನು ಚಿವುಟುವಷ್ಟರಲ್ಲಿ ಇವನು ಕೇಳಿಯೇಬಿಟ್ಟ. "ಯಜಮಾನ್ರ, ಕುಂತ್ರ ಎಷ್ಟು ವರ್ಷದಿಂದ ತ್ರಾಸೈತ್ರಿ?"

ಅವರು ತಡವರಿಸುತ್ತ ಹೇಳಿದರು, ಆರೇಳು ವರ್ಷವಾಯಿತು. ಹಿಂದೆ ಕುರುವಾಗಿ ಸೋರುತ್ತದೆ, ದೊಡ್ಡ ಊರಲ್ಲಿ ಮೂರು ಸಲ ಕೊಯ್ಯಿಸಿಕೊಂಡರೂ ಮತ್ತೆ ಬರುತ್ತದೆ. ಇವನು ಎದ್ದು ನಿಂತು, "ಒಂದು ಖೋಲಿ, ಒಂದು ಮಂಚ, ಒಂದೀಟು ಎಣ್ಣಿ ಕೊಡ್ರಿ" ಎಂದ. ಇಬ್ಬರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ನಾವು ಉಪ್ಪಿಟ್ಟಿನ ತಾಟು ಹಿಡಿದು ತಲೆತಗ್ಗಿಸಿ ಕೂತೆವು. ಹುಡುಗಿಯ ಅಜ್ಜಿ ಮೂಲೆಯಿಂದ ಗಟ್ಟಿಯಾಗಿ ಕೇಳಿದಳು. "ಇವರೇನು ಹೆಣ್ಣು ನೋಡಾಕ ಬಂದಾರೋ, ಎತ್ತು ನೋಡಾಕ ಬಂದಾರೋ?"

ಹೊರಗೆ ಬಂದಾಗ ಅಪ್ಪ ಬೆವರು ಒರೆಸಿಕೊಳ್ಳುತ್ತಿದ್ದರು, ನನ್ನ ತಮ್ಮ ಏನೋ ಗುನುಗುತ್ತಿದ್ದ. ಗಡ್ಡೆ ಸಿಕ್ಕಾಗಲೆಲ್ಲ ಅವನು ಹಾಗೆ ಗುನುಗುವುದು. ಕರುಳಿನ ಹಿಂಬದಿಯ ಗೋಡೆ ನುಣ್ಣಗಿದೆ, ಅದರಾಚೆ ಗುಂಡಗಿನದು ಕೈಗೆ ಹತ್ತುತ್ತದೆ, ಮೇಲಿನ ಅಂಚೂ ಬೆರಳಿಗೆ ಸಿಗುತ್ತದೆ ಎಂದು ನಮಗೆಲ್ಲ ಖುಷಿಯಿಂದ ವರದಿ ಒಪ್ಪಿಸಿದ. ಮೇಲಿನ ಅಂಚು ಸಿಕ್ಕರೆ ಹಿಂದಿನಿಂದಲೇ ತೆಗೆಯಬಹುದು. ಸಿಗದಿದ್ದರೆ ಗಡ್ಡೆ ಎತ್ತರಕ್ಕೆ ಹೋಗಿದೆ ಎಂದು ಅರ್ಥ, ಹೊಟ್ಟೆಯನ್ನೂ ತೆರೆಯಬೇಕು. ಇದು ಅವನ ಕಾನೂನು. ಉಪ್ಪಿಟ್ಟು ಯಾರ ಗಂಟಲಲ್ಲೂ ಇಳಿಯಲಿಲ್ಲ.

ಬಾಗಲಕೋಟೆಯಲ್ಲಿ ಅವರನ್ನು ಬೋರಲು ಮಲಗಿಸಿ, ಬಾಲದ ಎಲುಬು ತೆಗೆದು, ಗಡ್ಡೆಯನ್ನು ಒಡೆಯದೆ ಇಡಿಯಾಗಿ ಬಿಡಿಸಿದ. ಸೀಳಿ ನೋಡಿದರೆ ಒಳಗೆ ಕೂದಲು! ತಾಯಿಯ ಹೊಟ್ಟೆಯಲ್ಲಿ ಮೈ ಕಟ್ಟುವಾಗ ದಾರಿ ತಪ್ಪಿ ಉಳಿದ ಚೂರು ಹೀಗೆ ಬೆಳೆಯುತ್ತದೆಂದು ಇವನು ವಿವರಿಸಿದ. ಅಜ್ಜಿ ಮಗನ ಬೋಳು ತಲೆಯನ್ನೊಮ್ಮೆ ನೋಡಿ, "ಅಯ್ಯ ಶಿವನ, ಬೆಳೀಬೇಕಾದಲ್ಲಿ ಬಿಟ್ಟು ಅಲ್ಲಿ ಹೋಗಿ ಬೆಳದಾವಲ್ಲೋ!" ಎಂದಳು. ಲಗ್ನವೂ ಆಯಿತೆನ್ನಿ. ಊಟದ ಪಂಕ್ತಿಯಲ್ಲಿ ಬೀಗರು ಚಕ್ಕಳಮಕ್ಕಳ ಹಾಕಿ ಕೂತದ್ದನ್ನು ಮದುಮಗಳಿಗಿಂತ ಹೆಚ್ಚು ಜನ ನೋಡಿದರು. ಅಂದು ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿಗೂ, "ಆಪರೇಷನ್ ಮಾಡಿದಾವ ನಮ್ಮ ತಮ್ಮರಿ" ಎಂದು ಹೇಳಿಬಿಟ್ಟೆ.

ಇಷ್ಟು ಹೆಮ್ಮೆಯ ಅಕ್ಕ ತನ್ನ ವಿಷಯ ಬಂದಾಗ ಏನು ಮಾಡಿದಳು ಕೇಳಿ. ಎಂಬತ್ತರ ದಶಕದ ಆರಂಭದಲ್ಲಿ ನನಗೆ ಕೂತರೆ ನೋವು ಶುರುವಾಯಿತು. ಬಾಲದ ಎಲುಬಿನ ಹತ್ತಿರ ಏನೋ ಒತ್ತಿದಂತೆ. ತಮ್ಮನಿಗೆ ಹೇಳಿದೆನೇ? ಶಿವಶಿವಾ! ತಮ್ಮನಿಗೆ ಹೇಳುವ ಮಾತೇ ಅದು? ಉಷ್ಣವೆಂದು ನೆತ್ತಿಗೆ ಹರಳೆಣ್ಣೆ ಒತ್ತಿಕೊಂಡೆ, ಕಾವೆಂದು ಮಜ್ಜಿಗೆ ಕುಡಿದೆ. ಉಪ್ಪು ಹುರಿದು ಗಂಟು ಕಟ್ಟಿ ಅದರ ಮೇಲೆ ಕೂತೆ. ಕೊನೆಗೆ ಹಳೆಯ ಇಳಕಲ್ ಸೀರೆಯೊಂದನ್ನು ಹರಿದು ಸಿಂಬಿ ಸುತ್ತಿದೆ. ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುತ್ತೇವಲ್ಲ, ಅದೇ ಬಟ್ಟೆಯ ಬಳೆ. ಅದನ್ನು ಸಾಲೆಯ ಕುರ್ಚಿಯ ಮೇಲಿಟ್ಟು, ನಡುವಿನ ತೂತು ಸರಿಯಾದ ಜಾಗಕ್ಕೆ ಬರುವಂತೆ ಕೂತೆ. ಸುಖವಾಯಿತು! ಹೀಗೆಯೇ ಎರಡು ವರ್ಷ ತಳ್ಳಿದೆ. ಅಕ್ಕೋರು ಸಾಲೆ ಬಿಟ್ಟ ಮೇಲೆ ನೀರು ಹೊರಲು ಹೋಗುತ್ತಾರೆಂದು ಹುಡುಗಿಯರು ಮಾತಾಡಿಕೊಳ್ಳುತ್ತಿದ್ದರು.

ಇಳಕಲ್ಲಿನ ದಾರಿಯಲ್ಲಿ ಅವನು ನಮ್ಮೂರಿಗೆ ಭಾನುವಾರವೇ ಬರುವವನಾದ್ದರಿಂದ ಸಾಲೆಯ ಕುರ್ಚಿ ಎಂದೂ ಅವನ ಕಣ್ಣಿಗೆ ಬಿದ್ದಿರಲಿಲ್ಲ, ಮನೆಗೆ ಬಂದರೆ ನಾನು ಕೂಡುತ್ತಲೇ ಇರಲಿಲ್ಲ. ಆದರೆ ಒಂದು ಶನಿವಾರ ಇಳಕಲ್ಲಿಗೆ ಹೋಗುವಾಗ ಹುನಗುಂದದಲ್ಲಿ ಇಳಿದು ಸೀದಾ ನನ್ನ ತರಗತಿಗೇ ಬಂದುಬಿಟ್ಟ. ನಾನು ಗಡಬಡಿಸಿ ಎದ್ದೆ. ಅವನು ನನ್ನ ಮುಖ ನೋಡಲಿಲ್ಲ, ಕುರ್ಚಿ ನೋಡಿದ.

"ಅಕ್ಕಾ, ಸಿಂಬಿ ತಲಿ ಮ್ಯಾಲ ಇರ್ತೈತಿ. ಕುರ್ಚಿ ಮ್ಯಾಲ ಯಾಕೈತಿ?"

"ಮರತು ಇಟ್ಟೇನೋ."

"ಕುಂದ್ರು ನೋಡೂಣು."

"ಪಾಠದ ಹೊತ್ತು, ಹೋಗು ಅತ್ಲಾಗ!"

"ಕುಂದ್ರಕ್ಕಾ."

ಕೂತೆ. ಸಿಂಬಿಯಿಲ್ಲದೆ ಎಷ್ಟು ಸೆಟೆದುಕೊಂಡರೂ ವಾರೆಯಾಗಿಯೇ ಕೂತೆ. ಅವನು ಗುನುಗಲಿಲ್ಲ. ಹೊರಗೆ ಹೋಗಿ ಮಡಕೆಯಿಂದ ನೀರು ಕುಡಿದು ಬಂದು, "ನಾಳೆ ಬಾಗಲಕೋಟಿಗೆ ಬಾ" ಎಂದಷ್ಟೇ ಹೇಳಿದ.

ಹೋದೆ, ಆದರೆ ಷರತ್ತು ಹಾಕಿದೆ. ಪರೀಕ್ಷೆ ಮಾಡುವವಳು ಅವನ ದವಾಖಾನೆಯ ನರ್ಸಮ್ಮ, ತಮ್ಮ ಪರದೆಯ ಆಚೆ ನಿಲ್ಲಬೇಕು. ಅವನು ಒಪ್ಪಿ, ನರ್ಸಮ್ಮನಿಗೆ ಸೀರೆಯ ಮಡಿಕೆಯಲ್ಲಿ ನಿಂಬೆಹಣ್ಣು ಇಟ್ಟು ಅರ್ಧ ದಿನ ತರಬೇತಿ ಕೊಟ್ಟ. ಪಾಪ, ಆಕೆ ಐದಡಿಯೂ ಇಲ್ಲದ ಪುಟ್ಟ ಹೆಂಗಸು.

"ಐತಿ ಸರ್, ಹಿಂದ ಗುಂಡಕ ಐತಿ" ಎಂದಳು ಪರದೆಯ ಈಚೆಯಿಂದ.

"ಮ್ಯಾಲಿನ ಅಂಚು?"

"ಸಿಗವಲ್ದುರಿ."

"ಇನ್ನೊಂದೀಟು!"

"ಆಗವಲ್ದುರಿ."

"ಇನ್ನೊಂದೇ ಒಂದೀಟು!"

"ದೇವ್ರು ಕೊಟ್ಟದ್ದ ಇಷ್ಟ ಬೆರಳರಿ ಸರ್!" ಎಂದು ಆಕೆ ಅಳುವಂತಾದಳು.

ಈಗ ಏನು ಮಾಡುವುದು? ಗಡ್ಡೆ ಎತ್ತರಕ್ಕೆ ಹೋಗಿದೆಯೋ, ಬೆರಳೇ ಗಿಡ್ಡವೋ? ಹೊಟ್ಟೆ ತೆರೆಯಬೇಕೋ ಬೇಡವೋ ಎನ್ನುವುದು ಅದರ ಮೇಲೆಯೇ ನಿಂತಿತ್ತು. ಪರದೆ ಸರಿಸಿ ತಮ್ಮ ಒಳಗೆ ಬಂದ. ನಾನು ಗೋಡೆಯ ಕಡೆ ಮುಖ ತಿರುಗಿಸಿದೆ.

"ಅಕ್ಕಾ, ಅವ್ವ ಹೋದ ಮ್ಯಾಲ ನನ್ನ ಕುಂಡಿ ತೊಳದಾವ್ರು ಯಾರು?"

"ನಾನ."

"ಎಷ್ಟು ವರ್ಷ?"

"ಎರಡು ವರ್ಷ ತೊಳದೇನಿ. ನೀ ಭಾಳ ಹೊಲಸ ಇದ್ದಿ."

"ಅವಾಗ ನಾ ಏನರ ನಾಚಿಕೊಂಡ್ನೇನು?"

ನಗು ಬಂತು. ನಕ್ಕಾಗ ಮೈ ಸಡಿಲಾಯಿತು, ಅವನಿಗೆ ಅಷ್ಟೇ ಸಾಕಿತ್ತು. ಪರೀಕ್ಷೆ ಮುಗಿಸಿ ಅವನು ಮೋರಿಯ ಹತ್ತಿರ ಬಹಳ ಹೊತ್ತು ಕೈ ತೊಳೆದ. ಮೇಲಿನ ಅಂಚು ಅವನ ಬೆರಳಿಗೂ ಸಿಕ್ಕಿರಲಿಲ್ಲ.

ಮುಂಬಯಿಗೆ ಹೋಗು, ನನ್ನ ಗುರುಗಳಿಗೆ ಕಾಗದ ಕೊಡುತ್ತೇನೆ ಎಂದ. ನಾನು ಒಲ್ಲೆ ಎಂದೆ. ಬಾದಾಮಿಯ ಬೀಗರಿಗೆ ಮಾಡಿದವನು ನನಗೆ ಯಾಕೆ ಮಾಡಬಾರದು?

"ಬೀಗರದ್ದು ಬ್ಯಾರೆ, ನಿಂದು ಬ್ಯಾರೆ. ಎಲುಬಿಗೆ ಹತ್ತಿ ನರಗಳು ಅದಾವ. ಒಂದು ನರಕ್ಕ ಘಾಸಿ ಆದ್ರ ಮುಗೀತು, ಮಲಮೂತ್ರದ ಮ್ಯಾಲ ಹಿಡಿತ ಇರಾಂಗಿಲ್ಲ. ನಾಲ್ಕು ಮಂದ್ಯಾಗ ಕುಂದ್ರಾಕ ಆಗಾಂಗಿಲ್ಲ, ಸಾಲಿಗೆ ಹೋಗಾಕ ಆಗಾಂಗಿಲ್ಲ. ನನ್ನ ಕೈಲೆ ಹಂಗ ಆದ್ರ..."

ಸಾಲೆಯಿಲ್ಲದೆ ನಾನು ಯಾರು? ಹೊಲಸಾದ ಸೀರೆಯಲ್ಲಿ ಮನೆಯ ಮೂಲೆ ಹಿಡಿದು ಕೂಡುವ ಬಾಳು ಕಣ್ಣೆದುರು ಬಂತು. ಆದರೂ ಹೇಳಿದೆ. "ಆ ಮುದುಕ ನೇಕಾರನ ಹಂತ್ಯಾಕ ಎರಡು ವರ್ಷ ಕುಂತಾವ್ರು ನಿನ್ನ ಗುರುಗಳೋ, ನೀನೋ? ನಿನ್ನ ಬೆರಳ ಮ್ಯಾಲ ನನಗ ಭರವಸೆ ಐತಿ. ನೀನ ಮಾಡು, ಇಲ್ಲಾಂದ್ರ ನಾ ಸಿಂಬಿ ಮ್ಯಾಲ ಸಾಯ್ತೇನಿ."

ಮಾಡಿದ. ಹೊಟ್ಟೆಯನ್ನೂ ತೆರೆದು, ಹಿಂದಿನಿಂದಲೂ ತೆರೆದು, ಐದು ತಾಸು ನಿಂತು ಮಾಡಿದ. ಬೇಲದ ಹಣ್ಣಿನಷ್ಟು ದೊಡ್ಡದನ್ನು ಇಡಿಯಾಗಿ ತೆಗೆದ. ಒಂದು ಎಳೆಯನ್ನೂ ಹರಿಯಲಿಲ್ಲ ಎಂದು ಅವನಿಗೆ ಅನ್ನಿಸಿತ್ತು, ಖಾತ್ರಿ ಇರಲಿಲ್ಲ. ಹೊಟ್ಟೆ ತೆರೆದವರಿಗೆ ಗಾಳಿ ಹೋಗುವ ತನಕ ಬಾಯಿಗೆ ಏನೂ ಕೊಡುವುದಿಲ್ಲ. ಮೂರು ದಿನ ನನ್ನ ಕೈಗೆ ಸಲೈನ್, ತುಟಿಗೆ ಒದ್ದೆ ಹತ್ತಿ. ಗಾಳಿಯ ಸುಳಿವಿಲ್ಲ. ಎರಡೆರಡು ತಾಸಿಗೊಮ್ಮೆ ಬಾಗಿಲಲ್ಲಿ ಇಣುಕಿ, "ಬಂತೇನಕ್ಕಾ?" ಎನ್ನುವನು. ಇಲ್ಲ ಎಂದರೆ ಹೊರಟುಹೋಗುವನು. ನಾನು ಹಡೆಯಲು ಕೂತಾಗಲೂ ನಮ್ಮ ಮನೆಯವರು ಇಷ್ಟು ಸಲ ಕೇಳಿರಲಿಲ್ಲ!

ಮೂರನೆಯ ದಿನ ಮಧ್ಯಾಹ್ನ ಹುನಗುಂದದಿಂದ ಬಸ್ಸು ಹಿಡಿದು ಹೆಡ್ ಅಕ್ಕೋರು, ಇನ್ನಿಬ್ಬರು ಅಕ್ಕೋರು ನನ್ನನ್ನು ನೋಡಲು ಬಂದರು. ಮಂಚದ ಸುತ್ತ ಕೂತು ಸಾಲೆಯ ಸುದ್ದಿ ಶುರು ಮಾಡಿದರು. ಅದೇ ಹೊತ್ತಿಗೆ ಹೊಟ್ಟೆಯಲ್ಲಿ ಗುಡುಗುಡು ಎಂದು ಶುರುವಾಯಿತು ನೋಡಿ! ಮೂರು ದಿನ ಕಾದದ್ದು ಹೊರಟು ನಿಂತಿದೆ. ಆದರೆ ಹೆಡ್ ಅಕ್ಕೋರ ಎದುರಿಗೆ? ಹುಟ್ಟಿದಾಗಿನಿಂದ ಕಲಿತ ಮರ್ಯಾದೆ ಎಲ್ಲಿಗೆ ಹೋಗುತ್ತದೆ? ಹಲ್ಲು ಕಚ್ಚಿ ಹಿಡಿದೆ. ಅವರು ಪರೀಕ್ಷೆಯ ಸುದ್ದಿ ಹೇಳಿದರು, ಹಿಡಿದೆ. ಇನ್‌ಸ್ಪೆಕ್ಟರ್ ಬಂದು ಹೋದ ಕಥೆ ಹೇಳಿದರು, ಹಿಡಿದೆ. ಪೂರಾ ಅರ್ಧ ತಾಸಾದ ಮೇಲೆ ಎದ್ದು ಹೋದರು. ಬಾಗಿಲು ಮುಚ್ಚಿದ ಮೇಲೆ ಬಿಟ್ಟೆ.

ಸದ್ದಿಗೆ ನರ್ಸಮ್ಮ ಓಡಿಬಂದಳು, ಅವಳ ಹಿಂದೆ ಅವನು. "ಬಂತು?" ಎಂದ.

"ಯಾವಾಗೋ ಬಂದಿತ್ತೋ. ಅವರು ಕುಂತಿದ್ರಲ್ಲ, ಹಿಡಕೊಂಡಿದ್ದೆ" ಎಂದೆ ನಾಚಿಕೊಂಡು.

ಅವನು ಅಲ್ಲೇ ನಿಂತ. "ಹಿಡಕೊಂಡಿದ್ದಿ? ಖರೇನ? ಎಷ್ಟು ಹೊತ್ತು?"

"ಅರ್ಧ ತಾಸು. ಯಾಕೋ, ಹಿಡೀಬಾರದಿತ್ತೇನು?"

"ಹಿಡಕೊಂಡಾಳ! ನಮ್ಮಕ್ಕ ಹಿಡಕೊಂಡಾಳ!" ಎಂದು ದವಾಖಾನೆಗೆಲ್ಲ ಕೇಳುವಂತೆ ಕೂಗಿದ. ನರಗಳು ಉಳಿದಿದ್ದವು. ನನ್ನ ಸಾಲೆ ಉಳಿದಿತ್ತು. ಆಮೇಲೆ ಆ ದೊಡ್ಡ ಡಾಕ್ಟರು ಮಂಚದ ಪಕ್ಕದ ನೆಲದ ಮೇಲೆ ಕುಸಿದು, ನನ್ನ ಹಾಸಿಗೆಗೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತ. ನಾನು ಸಲೈನ್ ಚುಚ್ಚದ ಕೈಯಿಂದ ಅವನ ಕೂದಲಲ್ಲಿ ಬೆರಳಾಡಿಸಿದೆ. ನನಗೂ ಅಳು ತಡೆಯಲಿಲ್ಲ.

ನರ್ಸಮ್ಮ ನನಗೆಂದು ತೆಳ್ಳಗಿನ ಗಂಜಿ ತಂದಳು. ತಾಟಿನಲ್ಲಿ ಎರಡು ಲೋಟಗಳಿದ್ದವು. ಇನ್ನೊಂದು ಯಾರಿಗೆ ಎಂದು ಕೇಳಿದೆ.

"ಸರ್‌ಗೆರಿ. ಆಪರೇಷನ್ ಆದಾಗಿಂದ ಅವರೂ ಏನೂ ತಿಂದಿಲ್ರಿ. ಮನಿಯಿಂದ ಬಂದ ಡಬ್ಬಿ ಹಂಗ ಹೊಳ್ಳಿ ಹೋಗಾಕತ್ತಾವ."

"ಹುಚ್ಚಪ್ಪಾ, ಕುಡಿ" ಎಂದೆ.

ಅವನು ಮೂಗು ಒರೆಸಿಕೊಂಡು ಲೋಟ ತೆಗೆದುಕೊಂಡ. ಆದರೆ ನನ್ನ ಮೊದಲ ಗುಟುಕು ಗಂಟಲಿಗಿಳಿಯುವ ತನಕ ಅದನ್ನು ಬಾಯಿಗೆ ಹಚ್ಚಲಿಲ್ಲ.